ನರಸಿಂಹನ ಉಗುರು ಏಳುತ್ತಿದ್ದ ಕಾಲ

ಅಂಟಿಸಿದ್ದು ಏಳುತ್ತದೆ, ಎದ್ದದ್ದನ್ನು ಮತ್ತೆ ಅಂಟಿಸಬೇಕು. ನನ್ನ ಅರ್ಧ ಆಯುಷ್ಯ ಇದರಲ್ಲೇ ಸವೆಯಿತು. ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಪಟ್ಟಣದಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದೆ. ಅಕ್ರಿಲಿಕ್ ಪುಡಿಗೆ ಅದರ ಔಷಧಿ ಕಲಸಿದರೆ ಸ್ವಲ್ಪ ಹೊತ್ತಿಗೆ ಕಲ್ಲಾಗುತ್ತದೆ. ಇದು ಊರಿನ ನಾಟಕ ಸಂಘದವರಿಗೆ ತಿಳಿದು, ನರಸಿಂಹನ ಪಾತ್ರಕ್ಕೆ ಹತ್ತು ಉಗುರು ಕಟ್ಟಿಕೊಡು ಎಂದರು. ದೇವರ ಸೇವೆ ಎಂದು ಹೂಂ ಅಂದೆ. ಪಾತ್ರ ಮಾಡುವವರು ಎಣ್ಣೆ ಅಂಗಡಿಯ ಸಾಹುಕಾರರು.

೧. ಸಿಂದಗಿ

ಮೊದಲ ಆಟದಲ್ಲಿ ಸಾಹುಕಾರರು ಕಂಬ ಒಡೆದು ಬಂದರು, ಗರ್ಜಿಸಿದರು, ಕೈ ಎತ್ತಿದರು. ಮೂರು ಉಗುರು ಹಾರಿ ಜನರ ನಡುವೆ ಬಿದ್ದವು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಒಂದನ್ನು ಆರಿಸಿಕೊಂಡು ರಂಗದ ಹತ್ತಿರ ಬಂದಳು.

"ಯಪ್ಪಾ, ಇದು ನಿಂದ ಏನ?"

ಉಗ್ರನರಸಿಂಹ ತಗ್ಗಿದ ದನಿಯಲ್ಲಿ ಹೇಳಿದ: "ಇಟ್ಕೊಂಡಿರ ಬೇ, ಇವನ್ನ ಕೊಂದು ಬರ್ತೇನಿ."

೨. ಮುದ್ದೇಬಿಹಾಳ

ದೋಷ ಸಾಹುಕಾರರ ಬೆರಳಿನದೇ ಎಂದುಕೊಂಡೆ. ಎಣ್ಣೆಯಲ್ಲೇ ಬೆಳೆದ ಕೈ. ಮೂರು ದಿನ ಅಂಗಡಿ ಬಿಡಿಸಿದೆ, ಸೀಗೆಕಾಯಿ ಹಾಕಿ ತೊಳೆಸಿದೆ, ಉಗುರಿನ ನುಣುಪು ಹೋಗುವಂತೆ ಅರದಿಂದ ತಿಕ್ಕಿದೆ. ಆದರೂ ಆಟದ ನಡುವೆ ಅಂಚು ಎದ್ದಿತು. ಎದ್ದ ಅಂಚು ಹಿರಣ್ಯಕಶಿಪುವಿನ ಮೀಸೆಗೆ ಸಿಕ್ಕಿಕೊಂಡಿತು. ಆ ಪಾತ್ರ ನಮ್ಮೂರ ಸಾಲಿ ಮಾಸ್ತರರದು. ನರಸಿಂಹ ಕೈ ಎಳೆದ, ಮೀಸೆಯೇ ಬಂತು.

ಸಂಘದ ಹಿರಿಯರು ಸಿಟ್ಟಾದರು: "ಇನ್ನೊಮ್ಮೆ ಉಗುರು ಎದ್ದರ ಸೊಲ್ಲಾಪುರದಿಂದ ಬ್ಯಾರೆ ನರಸಿಂಹನ್ನ ಕರಸ್ತೇವಿ."

ಸಾಹುಕಾರರು ನನ್ನ ಕೈ ಹಿಡಿದರು. "ಮುಂದಿಂದು ಬಾಗೇವಾಡ್ಯಾಗ ಐತಿ. ಅದು ನಮ್ಮ ಬೀಗರ ಊರ್ರೀ. ಮಾನ ಉಳಸ್ರಿ."

"ನಿಮ್ಮ ಮಾನ ಆಮ್ಯಾಲ," ಎಂದರು ಮಾಸ್ತರರು, "ಮೊದಲು ನನ್ನ ಮೀಸಿ ಕೊಡ್ರಿ."

೩. ಮನೆಯಲ್ಲಿ

ಎಂಟು ದಿನ ತಲೆ ಕೆಡಿಸಿಕೊಂಡೆ. ಪುಡಿ ಹೆಚ್ಚು ಮಾಡಿದೆ, ಔಷಧಿ ಕಡಿಮೆ ಮಾಡಿದೆ, ತೆಳ್ಳಗೆ ಹಚ್ಚಿದೆ. ಯಾವುದೂ ನಿಲ್ಲಲಿಲ್ಲ. ಹೆಂಡತಿ ರೊಟ್ಟಿ ಬಡಿಯುತ್ತಲೇ ನೋಡುತ್ತಿದ್ದಳು.

"ಕೆಲಸಕ್ಕ ಕೂಡೂ ಮುಂದ ಏನ್ ಮಾಡ್ತೀರಿ?"

"ದೀಪ ಹಚ್ಚಿ ಕೈ ಮುಗೀತೇನಿ."

"ಬತ್ತಿ ಯಾವುದರಿಂದ ಸರಸ್ತೀರಿ?"

ಹೆಬ್ಬೆರಳು ನೋಡಿಕೊಂಡೆ. ದೀಪದ ಎಣ್ಣೆಯಿಂದ ಮಿಣಮಿಣ ಎನ್ನುತ್ತಿತ್ತು. ಅದೇ ಬೆರಳಿನಿಂದ ಸಾಹುಕಾರರ ಒಂದೊಂದು ಉಗುರನ್ನೂ ಒರೆಸಿ ಪುಡಿ ಕೂರಿಸುತ್ತಿದ್ದೆ.

"ಪಾಪ, ಅವರ ಅಂಗಡಿ ಮುಚ್ಚಿಸಿದ್ರಿ," ಎಂದಳು. ಅಂದಿನಿಂದ ದೀಪ ಅವಳೇ ಹಚ್ಚುತ್ತಾಳೆ. ದೇವರಿಗೆ ಬೇಸರವಾಗಿಲ್ಲ, ಅವಳಿಗಾಗಿದೆ.

೪. ಬಸವನ ಬಾಗೇವಾಡಿ

ಒಂದು ಉಗುರೂ ಅಲುಗಲಿಲ್ಲ. ಬೀಗರು ಎದ್ದು ನಿಂತು ಚಪ್ಪಾಳೆ ಹೊಡೆದರು, ಮರುದಿನ ಎಲ್ಲರನ್ನೂ ಹೋಳಿಗೆ ಊಟಕ್ಕೆ ಕರೆದರು. ಸಾಹುಕಾರರ ಕಣ್ಣಲ್ಲಿ ನೀರು.

ಆದರೆ ಉಗುರು ಬಿಡಬೇಕಲ್ಲ! ಬೆಳಗಿನಿಂದ ಅರ ಹಾಕಿ ತಿಕ್ಕಿದೆ. ಊಟದ ಹೊತ್ತಿಗೆ ಎಡಗೈಯ ಒಂದೇ ಉಗುರು ಹೋಗಿತ್ತು. ನನ್ನ ರಟ್ಟೆಯೂ ಹೋಗಿತ್ತು. ಬೀಗರ ಪಂಕ್ತಿಯಲ್ಲಿ ಸಾಹುಕಾರರು ಹೋಳಿಗೆ ಮುರಿಯಹೋದರೆ ಅದು ಉಗುರಿಗೆ ಚುಚ್ಚಿಕೊಂಡು ನಿಂತಿತು. ಬೀಗತಿ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಕೊನೆಗೆ ಪಕ್ಕದಲ್ಲಿದ್ದ ಮಾಸ್ತರರೇ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ತುತ್ತು ಹಿಡಿದರು. ಸಾಹುಕಾರರು ನಾಚಿ ತುಟಿ ಬಿಗಿದುಕೊಂಡರು.

ಹಿರಣ್ಯಕಶಿಪು ಗದರಿದ: "ಬಾಯಿ ತಗೀರಿ ಸಾವ್ಕಾರ್ರ! ನನ್ನ ಕೊಲ್ಲೂ ಮುಂದ ಎಷ್ಟ್ ದೊಡ್ಡದು ತಗದಿದ್ರಿ!"