ನಿಮ್ಮ ಜಮಖಾನ ಎಷ್ಟು ಚದರಡಿ?

ಫೋನು ಮನೆಗಳ ಬೆಲೆ ಹೇಳಲು ಶುರುಮಾಡಿದಾಗಿನಿಂದ ನಮ್ಮಲ್ಲಿ ದಿನಕ್ಕೊಂದು ರಾಮಾಯಣ. ಕೇಳಿದವರು ನಗುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಮಾಲು ತಪಾಸಣೆ ಮಾಡಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್ ಕಳಿಸುತ್ತಿದ್ದೆ. ಅಂಥವನ ಕೈಗೆ ಮನೆ ಬೆಲೆ ಹೇಳುವ ಈ ವೆಬ್‌ಸೈಟು ಸಿಗಬಾರದಿತ್ತು.

ಸಂಗತಿ ಇಷ್ಟೇ. ಚಿಂಚವಾಡದಲ್ಲಿ ನನ್ನ ಅಕ್ಕನ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಭಾವನ ಮೊಣಕಾಲು ಸವೆದು, ಅವರು ಕೆಳಗಿಳಿದು ನಾಲ್ಕು ತಿಂಗಳಾಗಿತ್ತು. ಅದನ್ನು ಮಾರಿ ನೆಲಮಹಡಿಯಲ್ಲೊಂದು ಮನೆ ಕೊಳ್ಳಬೇಕು. ಸರಿಯಾದ ಬೆಲೆ ಬರದಿದ್ದರೆ ಭಾವನಿಗೆ ಆ ಕುರ್ಚಿಯೇ ಗತಿ.

೧. ನಡುವೆ ಎಲ್ಲೋ

ಮೊದಲು ನಾನೇ ವಿವರ ತುಂಬಿದೆ. ‘ನಿಮ್ಮ ಮನೆಯ ಬೆಲೆ ನಲವತ್ತರಿಂದ ಎಪ್ಪತ್ತೈದು ಲಕ್ಷ’ ಎಂದು ಬಂತು. ಇಷ್ಟು ಹೇಳಲು ಕಂಪ್ಯೂಟರ್ ಯಾಕೆ? ನಮ್ಮ ಹಾಲಿನವನೂ ಹೇಳುತ್ತಾನೆ. ಸಿಟ್ಟಿನಲ್ಲಿ ಅವರ ಸಹಾಯವಾಣಿಗೆ ಫೋನ್ ಹಚ್ಚಿದೆ. ಹುಡುಗಿ ಸಕ್ಕರೆಯಂಥ ದನಿಯಲ್ಲಿ, “ಕಾಕಾ, ಖರೀ ಕಿಂಮತ ಮಧೇಚ ಕುಠೇತರೀ ಅಸೇಲ” ಅಂದಳು. ನಿಜವಾದ ಬೆಲೆ ನಡುವೆ ಎಲ್ಲೋ ಇರುತ್ತದಂತೆ!

ನಾನೂ ಮರಾಠಿಯಲ್ಲೇ ದಬಾಯಿಸಿದೆ: “ನಮ್ಮ ಮನೆಯೂ ಪುಣೆ-ಮುಂಬಯಿಯ ನಡುವೆ ಎಲ್ಲೋ ಇದೆಯಮ್ಮ. ಚಹಾಕ್ಕೆ ಬಾ.”

“ಪಿನ್ ಕೋಡ್ ಹೇಳಿ ಕಾಕಾ” ಅಂದಳು.

೨. ಹೇಳಿದಂತೆ ಕೇಳುವ ಅಕ್ಕ

ನನ್ನ ರೇಗಾಟ ನೋಡಲಾರದೆ ಅಕ್ಕ ತಾನೇ ಫೋನ್ ಹಿಡಿದಳು. ವೆಬ್‌ಸೈಟಿನಲ್ಲಿ ಕನ್ನಡವೂ ಇತ್ತು, ಖುಷಿಯಿಂದ ಅದನ್ನೇ ಒತ್ತಿದಳು. ಮರುದಿನ ಅಳುತ್ತ ನನಗೆ ಫೋನ್ ಮಾಡಿದಳು.

“ತಮ್ಮಾ, ನಮ್ಮ ಮನಿ ಕಿಮ್ಮತ್ತು ನಾಕು ಲಕ್ಷಂತ! ಇದೇನು ಕೋಳಿಗೂಡೇನೋ?”

ಓಡಿಹೋಗಿ ನೋಡಿದೆ. ಗೋಡೆಗಳ ಒಳಗಿನ ಜಾಗಕ್ಕೆ ಕಾರ್ಪೆಟ್ ಏರಿಯಾ ಅನ್ನುತ್ತಾರಲ್ಲ, ಅದನ್ನು ಯಾವುದೋ ಮಷೀನು ಕನ್ನಡಕ್ಕೆ ತಂದಿತ್ತು: ‘ನಿಮ್ಮ ಜಮಖಾನದ ವಿಸ್ತೀರ್ಣ ನಮೂದಿಸಿ.’ ಅಕ್ಕ ಲಗ್ನದಲ್ಲಿ ತವರಿನಿಂದ ಬಂದ ನವಲಗುಂದದ ಜಮಖಾನ ಹಾಸಿ, ಟೇಪು ಹಿಡಿದು ಅಳೆದಿದ್ದಳು. ಒಂಬತ್ತಾರಲೆ ಐವತ್ತನಾಲ್ಕು ಚದರಡಿ.

ತಮಗೆ ಬಾರದ ಭಾಷೆಯಲ್ಲಿ ಯಾಕೆ ಬರೆಯುತ್ತಾರೆ ಇವರು? ಕನ್ನಡವನ್ನು ಯಾರು ಓದುತ್ತಾರೆ ಬಿಡು ಎಂಬ ಉಡಾಫೆ. ಇಲ್ಲಿ ಒಬ್ಬಾಕೆ ಓದಿ, ನಂಬಿ, ಊಟ ಬಿಟ್ಟು ಕೂತಿದ್ದಳು. ನಾನು ಹಲ್ಲು ಕಡಿಯುತ್ತಿದ್ದರೆ ಅಕ್ಕ ಮೆಲ್ಲಗೆ ಕೇಳಿದಳು: “ಕಪಾಟದ ಮ್ಯಾಲ ಇನ್ನೊಂದು ಭಾಳ ದೊಡ್ಡ ಜಮಖಾನಿ ಅದ. ಅದನ್ನ ಹಾಸಲೇನು?”

೩. ಇಲ್ಲದ ನಾಲಾ

ಆಮೇಲೆ ಒಬ್ಬ ಗಿರಾಕಿ ಬಂದ. ಮೂರು ಮಹಡಿ ಹತ್ತಿ, ಕೊಟ್ಟ ನೀರನ್ನೂ ಕುಡಿಯದೆ ಫೋನ್ ತೆಗೆದು ಮರಾಠಿಯಲ್ಲಿ ಶುರುಮಾಡಿದ: “ಎದುರಿಗೆ ಗಟಾರದ ನಾಲಾ ಇದೆಯಂತೆ. ಹತ್ತು ಲಕ್ಷ ಇಳಿಸಿ.”

ಎದುರಿಗಿರುವುದು ಒಂದು ಬೇವಿನ ಮರ, ಒಂದು ಇಸ್ತ್ರಿ ಅಂಗಡಿ. ಚಿಂಚವಾಡದಲ್ಲಿ ಅಕ್ಕನದರಂತೆ ಗಣಪತಿ ಹೆಸರಿನ ಹೌಸಿಂಗ್ ಸೊಸೈಟಿ ಗಲ್ಲಿಗೊಂದು. ವೆಬ್‌ಸೈಟು ನಾಲಾದ ದಂಡೆಯ ಯಾವುದೋ ಸೊಸೈಟಿಯನ್ನು ನಮ್ಮ ಕೊರಳಿಗೆ ಕಟ್ಟಿತ್ತು. ಆಸಾಮಿಯನ್ನು ಬಾಲ್ಕನಿಗೆ ಎಳೆದೊಯ್ದು ತೋರಿಸಿದೆ. ಒಮ್ಮೆ ಬೀದಿ ನೋಡಿದ, ಒಮ್ಮೆ ಫೋನು ನೋಡಿದ.

“ಕಾಣುವುದಿಲ್ಲ, ನಿಜ. ಆದರೆ ಇದರಲ್ಲಿ ಇದೆಯಲ್ಲ!”

ನಾನು ಬಾಯಿಬಿಟ್ಟಿದ್ದರೆ ಜಗಳವೇ ಆಗುತ್ತಿತ್ತು. ಅಷ್ಟರಲ್ಲಿ ಭಾವ ಕುರ್ಚಿಯಿಂದಲೇ ಶಾಂತವಾಗಿ ಹೇಳಿದರು: “ಸಾಹೇಬರೇ, ಹೋಗುವಾಗ ಹುಷಾರು. ಕೆಳಗೆ ನಾಲಾ ಇದೆ, ಬಿದ್ದೀರಿ.”

೪. ನಮ್ಮ ಸರದಿ

ಕೊನೆಗೆ ಎರಡನೇ ಮಹಡಿಯವರೇ ಮಗಳಿಗೆಂದು ಆ ಮನೆಯನ್ನು ಐವತ್ತೆಂಟು ಲಕ್ಷಕ್ಕೆ ಕೊಂಡರು. ಅವರು ಫೋನ್ ನೋಡಲಿಲ್ಲ, ಮನೆಯನ್ನೇ ನೋಡಿದ್ದರು. ಆ ದುಡ್ಡು ಹಿಡಿದು ಅಕ್ಕನೂ ನಾನೂ ನೆಲಮಹಡಿಯ ಮನೆಯೊಂದನ್ನು ನೋಡಲು ಹೋದೆವು. ಮೆಟ್ಟಿಲೇ ಇಲ್ಲ, ಬಾಗಿಲು ತೆಗೆದರೆ ಅಂಗಳ. ಅಕ್ಕನ ಕಣ್ಣು ತುಂಬಿತು. ಮಾಲೀಕ ಬೆಂಗಳೂರಿನ ಹುಡುಗ, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ. ಅರವತ್ತಾರಕ್ಕೆ ಒಂದು ರೂಪಾಯಿ ಕಡಿಮೆ ಇಲ್ಲ ಅಂದ.

ಬೇರೆ ದಾರಿ ಕಾಣದೆ, ನಾಚಿಕೆ ಬಿಟ್ಟು ಅದೇ ಹಾಳು ವೆಬ್‌ಸೈಟು ತೆಗೆದೆ. ಈ ಸಲ ‘ನಡುವೆ ಎಲ್ಲೋ’ ಇಲ್ಲ, ಆ ಮನೆಗೆ ಅದು ನೇರವಾಗಿ ಐವತ್ತೆಂಟು ಅಂದಿತು! ಹುಡುಗನ ಮೂಗಿನ ಮುಂದೆ ಹಿಡಿದೆ.

“ಅಯ್ಯೋ ಅಂಕಲ್, ಅದನ್ನೆಲ್ಲ ನಂಬ್ತಾರಾ? ಪೂರ್ತಿ ತಪ್ಪು ಅದು.”

“ನಿಮಗ ಹ್ಯಾಂಗ ಗೊತ್ರಿ?” ಅಂದೆ.

“ಅದನ್ನ ಮಾಡಿರೋದೇ ನಮ್ಮ ಟೀಮು!” ಅಂದವನು ನಾಲಿಗೆ ಕಚ್ಚಿಕೊಂಡ.

ನನ್ನ ರಕ್ತ ನೆತ್ತಿಗೇರಿತು. ಅಕ್ಕ ನನ್ನ ಕೈ ಒತ್ತಿ ಹಿಡಿದು, “ನಮ್ಮ ಮನಿಗಿ ನೀವು ಹೇಳಿದ್ದನ್ನ ನಂಬಿ ನಾ ಅತ್ತೀನ್ರಿ. ನಿಮ್ಮ ಮನಿಗಿ ನೀವ ಹೇಳಿದ್ದನ್ನ ನೀವ್ಯಾಕ ನಂಬಂಗಿಲ್ಲ?” ಅಂದಳು.

ಹುಡುಗ ಕೆಂಪಗಾದ. ಒಳಗೆ ಹೋಗಿ ಹೆಂಡತಿಯೊಡನೆ ಬಹಳ ಹೊತ್ತು ಗುಸುಗುಸು ಮಾಡಿ ಬಂದ.

“ಸರಿ ಆಂಟಿ, ಐವತ್ತೆಂಟಕ್ಕೇ ತಗೊಳ್ಳಿ. ಆದ್ರೆ ಸೈಟಲ್ಲಿ ಒಂದು ಒಳ್ಳೆ ರಿವ್ಯೂ ಹಾಕ್ಬೇಕು. ನಾವು ಕರೆಕ್ಟಾಗಿ ಹೇಳಿದ ಮೊದಲನೇ ಮನೆ ಇದು!”