ಮೂರನೇ ಬೇಸಿನಿಂದ ಮನೆಗೆ ಬರಲು ಅನುಮತಿ ಕೋರಿ

ಇಂದ:
ವೇಯ್ನ್ ಹೌಟಾಲಾ,
ಅಂತಿಮ ವರ್ಷದ ವಿದ್ಯಾರ್ಥಿ,
ಹಾಲಿ ಮೊಕ್ಕಾಂ: ಮೂರನೇ ಬೇಸ್,
ಕಾಪರ್ ಪಾಯಿಂಟ್ ವಿಶ್ವವಿದ್ಯಾಲಯ, ಉತ್ತರ ಮಿಷಿಗನ್.

ಗೆ:
ಶ್ರೀ ಗಾರ್ಡನ್ ಪೆಲ್ಕಿ ಅವರು,
ಕ್ರೀಡಾ ನಿರ್ದೇಶಕರು (ಕಳೆದ ತಿಂಗಳಿಂದ ಕ್ರೀಡೆ ಮತ್ತು ಪಾರ್ಕಿಂಗ್ ನಿರ್ದೇಶಕರು).

ವಿಷಯ: ಅರ್ಜಿದಾರನು ಮನೆ ಮುಟ್ಟಲು ಅವಕಾಶ ಕೋರಿ.

ಉಲ್ಲೇಖ: ೧. ಬೇಸ್‌ಬಾಲ್ ವಿಭಾಗವನ್ನು ಮುಚ್ಚಿದ ತಮ್ಮ ಸುತ್ತೋಲೆ. ೨. ಅಂಪೈರ್‌ರವರ ಬಾಯಿಮಾತಿನ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಬೇಸ್‌ಬಾಲಿನಲ್ಲಿ ಬೇಸ್ ಎಂಬ ಮೂರು ನಿಲ್ದಾಣ ದಾಟಿ, ಹೊರಟ ಜಾಗಕ್ಕೇ ವಾಪಸ್ ಬಂದರೆ ಮಾತ್ರ ಒಂದು ರನ್. ಆ ಜಾಗಕ್ಕೆ ನಮ್ಮವರು ಮನೆ ಎನ್ನುತ್ತಾರೆ. ನಡುದಾರಿಯಲ್ಲಿ ಎದುರಾಳಿ ಮೈಗೆ ಚೆಂಡು ಮುಟ್ಟಿಸಿದರೆ ಔಟು. ಇದು ತಮಗೆ ತಿಳಿಯದ್ದೇನಲ್ಲ. ಆದರೆ ಸುತ್ತೋಲೆಯಲ್ಲಿ ತಾವು "ಗೋಲು" ಎಂದು ಬರೆದಿರುವ ಕಾರಣ ನೆನಪಿಸಬೇಕಾಯಿತು.

೨. ಮೇ ತಿಂಗಳಲ್ಲೂ ಹಿಮ ಬೀಳುವ ಈ ಊರಿಗೆ ಬೇಸ್‌ಬಾಲ್ ಯಾಕೆಂದು ಊರೆಲ್ಲ ನಕ್ಕಿತ್ತು. ಆದರೆ ಮೊದಲ ವರ್ಷ ಎದುರಾಳಿಗಳ ಬಸ್ಸುಗಳು ಒಂದರ ಹಿಂದೊಂದು ಹಿಮದಲ್ಲಿ ಹೂತುಹೋದ ಕಾರಣ, ಬ್ಯಾಟು ಮುಟ್ಟದೆಯೇ ನಮ್ಮ ತಂಡ ಲೀಗ್ ಗೆದ್ದಿತು. ತಾವು ಕುಣಿದಾಡಿದಿರಿ. ದೀಪದ ಕಂಬಗಳು ಬಂದವು, ದೊಡ್ಡ ಬೋರ್ಡು ಬಂತು, ಬೋರ್ಡಿನ ಮೇಲೆ ತಮ್ಮ ಫೋಟೊ ಬಂತು. ಮರುವರ್ಷ ಕೌಂಟಿಯವರು ಹಿಮ ತೆಗೆಯುವ ಹೊಸ ಯಂತ್ರ ಕೊಂಡರು. ಬಸ್ಸುಗಳು ಬಂದು ತಲುಪತೊಡಗಿದವು. ನಮ್ಮ ಅವನತಿ ಶುರುವಾಗಿದ್ದೇ ಅಲ್ಲಿಂದ.

೩. ಅರ್ಜಿದಾರನು ಓಟದಲ್ಲಿ ತುಸು ನಿಧಾನ. ತರಬೇತುದಾರ ರೂಬೆನ್ ಮಾಕಿಯವರು, "ಲೇ ವೇಯ್ನ್, ಓಡ್ತಿದ್ದೀಯೋ, ಇಲ್ಲಾ ಜಾಗ ಅಳೀತಿದ್ದೀಯೋ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಆದರೂ ಅರ್ಜಿದಾರನ ತಾಯಿ ಡಾರ್ಲಿನ್ ಒಂದು ಪಂದ್ಯ ತಪ್ಪಿಸಿದವರಲ್ಲ. ಮಡಚುವ ಕುರ್ಚಿ, ಕಂಬಳಿ, ಮಾಂಸ ಆಲೂಗೆಡ್ಡೆ ತುಂಬಿದ ಬಿಸಿ ಪಾಸ್ಟಿ ಹಿಡಿದು ಬಂದು ಕೂರುವರು. ಪ್ರತಿ ಸಲವೂ ಒಂದೇ ಕೂಗು: "ಬಾರೋ ಮನೆಗೆ!" ನಾಲ್ಕು ವರ್ಷದಲ್ಲಿ ಒಮ್ಮೆಯೂ ಬರಲಾಗಲಿಲ್ಲ. ಹೊಟ್ಟೆ ಉರಿಯುತ್ತದೆ ಸಾರ್.

೪. ಕೊನೆಯ ಪಂದ್ಯದಲ್ಲಿ ರನ್ ಸಮ ಸಮ. ಚೆಂಡು ಬಂದು ಅರ್ಜಿದಾರನ ಸೊಂಟಕ್ಕೆ ಬಡಿದ ಕಾರಣ ಮೊದಲ ಬೇಸ್ ಪುಕ್ಕಟೆ ಸಿಕ್ಕಿತು. ಎದುರಾಳಿಗಳು ಚೆಂಡನ್ನು ಎತ್ತೆತ್ತಲೋ ಎಸೆದ ಕಾರಣ ಮೂರನೆಯದೂ ಸಿಕ್ಕಿತು. ತಾಯಿ ಕುರ್ಚಿ ಹತ್ತಿ ನಿಂತರು. ಅಷ್ಟರಲ್ಲಿ ಹಾಳು ಹಿಮ! ಬಿಳಿ ಚೆಂಡು ಯಾರ ಕಣ್ಣಿಗೂ ಬೀಳದಾಯಿತು. ಅಂಪೈರ್ ಕೈಯೆತ್ತಿ, "ಸಾಕು ಕಣ್ರೋ, ಉಳಿದಿದ್ದು ಮುಂದಿನ ಶನಿವಾರ. ಯಾರ್ಯಾರು ಎಲ್ಲೆಲ್ಲಿದ್ದೀರೋ ಅಲ್ಲಿಂದ್ಲೇ ಶುರು" ಎಂದರು. ಗುರುವಾರ ತಮ್ಮ ಸುತ್ತೋಲೆ ಬಂತು.

೫. ಆದಕಾರಣ ಅರ್ಜಿದಾರನು ನಿಯಮದ ಪ್ರಕಾರ ಇಂದಿಗೂ ಮೂರನೇ ಬೇಸಿನಲ್ಲೇ ಇದ್ದಾನೆ. ಖುದ್ದಾಗಿ ಕಂಡಾಗ ತಾವು, "ಆಟಾನೇ ಮುಚ್ಚಿದ್ದೀವಲ್ಲಪ್ಪಾ, ನೀನು ಔಟು ಅಂತ ತಿಳ್ಕೊ" ಎಂದಿರಿ. "ಔಟ್ ಮಾಡಿದ್ಯಾರು ಸಾರ್? ಚೆಂಡು ಮುಟ್ಟಿಸಿದ್ಯಾರು?" ಎಂದು ಕೇಳಿದ್ದಕ್ಕೆ ತಾವು ಊಟಕ್ಕೆ ಎದ್ದು ಹೋದಿರಿ.

೬. ಮೈದಾನಕ್ಕೆ ಡಾಂಬರು ಬಿದ್ದು ಪಾರ್ಕಿಂಗ್ ಜಾಗವಾದರೂ ತಾಯಿ ಅಲ್ಲಿಂದ ಕುರ್ಚಿಯನ್ನು ತೆಗೆದಿಲ್ಲ. "ನೀನು ಮನೆ ಮುಟ್ಟೋ ತನಕ ನಾನು ಇದನ್ನ ಮಡಚೋದಿಲ್ಲ ಕಣೋ" ಎನ್ನುತ್ತಾರೆ. ತಮ್ಮ ಸಿಬ್ಬಂದಿ ಆ ಕುರ್ಚಿಗೆ ಪಾರ್ಕಿಂಗ್ ದಂಡದ ಚೀಟಿ ಅಂಟಿಸಿದ್ದಾರೆ.

ಆದ್ದರಿಂದ, ವಿಭಾಗವನ್ನು ಮತ್ತೆ ತೆರೆಯಿರೆಂದು ಅರ್ಜಿದಾರನು ಕೇಳುತ್ತಿಲ್ಲ. ಬರುವ ಶನಿವಾರ ಬೆಳಿಗ್ಗೆ ಒಂದೇ ಒಂದು ಓಟಕ್ಕೆ ಅನುಮತಿ ಕೊಟ್ಟರೆ ಸಾಕು. ಎದುರಾಳಿ ತಂಡ ಒಪ್ಪಿದೆ. ಅಂಪೈರ್‌ರವರು ಹೆಂಡತಿಯನ್ನು ಕೇಳಿ ಹೇಳುತ್ತಾರಂತೆ.

ಇನ್ನೂ ಔಟಾಗದ ತಮ್ಮ ವಿಶ್ವಾಸಿ,
ವೇಯ್ನ್ ಹೌಟಾಲಾ

ಲಗತ್ತುಗಳು:
೧. ದಂಡದ ಚೀಟಿಯೊಂದಿಗೆ ಕುರ್ಚಿಯ ಭಾವಚಿತ್ರ.
೨. ಪಾಸ್ಟಿ, ಒಂದು. ತಾಯಿಯ ಕಡೆಯಿಂದ. ಲಂಚವಲ್ಲ, ಬಿಸಿಯಿರುವಾಗಲೇ ತಿನ್ನುವುದು.

ವಿ.ಸೂ.: ಮನೆಯ ಮೇಲೆ ಸದ್ಯ ತಮ್ಮ ಕಾರು ನಿಲ್ಲುತ್ತಿದೆ. ಶನಿವಾರ ಅದನ್ನು ತೆಗೆಯಲಾಗದಿದ್ದಲ್ಲಿ ಚಿಂತೆಯಿಲ್ಲ, ಅರ್ಜಿದಾರನು ಕಾರಿನಡಿಗೆ ಜಾರಿಕೊಂಡೇ ಮನೆ ಮುಟ್ಟಲಿದ್ದಾನೆ. ತಾಯಿ ಕುರ್ಚಿ ಮಡಚುವವರೆಗೆ ದಯಮಾಡಿ ಗಾಡಿ ಸ್ಟಾರ್ಟ್ ಮಾಡಬಾರದಾಗಿ ವಿನಂತಿ.