ಗುಂಡಿ ಹಾಕಲು ಕಲಿತ ಪುಟ್ಟಿ

ಮೂರು ವರ್ಷದ ಮಗುವಿಗೆ ಏನಾದರೂ ಕಲಿಸಲು ಕೂತವರ ಮನೆಗೆ ನಗು ತಾನಾಗಿಯೇ ಬರುತ್ತದೆ. ನಮ್ಮ ಮನೆಗೆ ಬಂದದ್ದು ಎದ್ದು ಹೋಗಲೇ ಇಲ್ಲ.

ಹಲಸೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ಅದರ ಹಿಂದೆಯೇ ಮನೆ. ಎರಡನ್ನೂ ಕಟ್ಟಿದ್ದು ನನ್ನ ಮಿಷನ್ನು. ಶಾಲೆಗೆ ಹೋದವಳಲ್ಲ, ದಿನಸಿ ಕಟ್ಟಿಕೊಡುತ್ತಿದ್ದ ಪೇಪರ್ ಬಿಡಿಸಿ ಬಿಡಿಸಿ ಓದು ಕಲಿತೆ. ಹಾಗಾಗಿ ಸೊಸೆ, ಮೊಮ್ಮಗಳು ಪುಟ್ಟಿಯನ್ನು ಇಂದಿರಾನಗರದ ಪ್ಲೇಸ್ಕೂಲಿಗೆ ಹಾಕುತ್ತೇನೆ ಅಂದಾಗ ನನಗೆ ರೇಗಿತು.

“ನಾನಿರುವಾಗ ಪ್ಲೇಸ್ಕೂಲ್ ಯಾಕೆ? ಮನೆ ಸಾಮಾನಲ್ಲೇ ಆಡಿಸ್ತಾ ಕಲಿಸ್ತೀನಿ. ಪತ್ರಿಕೇಲಿ ಓದಿದ್ದೀನಿ.”

“ಆಯ್ತು ಅತ್ತೆ, ಅಡ್ಮಿಷನ್ ಶುರುವಾಗೋವರೆಗೂ ನೋಡೋಣ. ಆಮೇಲೆ ನೀವು ಅಡ್ಡ ಮಾತಾಡೋ ಹಾಗಿಲ್ಲ.”

ನಾನು ಸೋಲುವ ಪೈಕಿ ಅಲ್ಲ.

ಬೇಳೆ ಪಾಠ

ತೊಗರಿಬೇಳೆ, ಹೆಸರುಕಾಳು, ಕಡಲೆಕಾಳು ಬೆರೆಸಿ ಪುಟ್ಟಿಯ ಮುಂದೆ ಇಟ್ಟೆ. ಒಂದೊಂದನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿದಳು. ಬೀದಿಯವರನ್ನೆಲ್ಲ ಕರೆದು ತೋರಿಸಿದೆ.

ಮಾರನೆಯ ದಿನ ಸೊಸೆ ಬಿಸಿಬೇಳೆಬಾತ್ ಮಾಡಿದಳು. ಪುಟ್ಟಿ ತಟ್ಟೆ ನೋಡಿ ಹೌಹಾರಿ ಅತ್ತಳು:

“ಅಜ್ಜೀ! ಅಮ್ಮ ಎಲ್ಲಾನೂ ಕಲಸಿಬಿಟ್ಟಿದ್ದಾಳೆ!”

ಬಟಾಣಿ ಒಂದು ಕಡೆ, ಬೀನ್ಸ್ ಒಂದು ಕಡೆ ಆಯಿತು. ಅನ್ನದಿಂದ ಬೇಳೆ ಬಿಡಿಸಲು ಕೂತವಳನ್ನು ಎಬ್ಬಿಸುವಷ್ಟರಲ್ಲಿ ರಾತ್ರಿಯ ಊಟದ ಹೊತ್ತಾಗಿತ್ತು.

ನೀರಿನ ಪಾಠ

ಬಕೆಟ್ಟಿನಲ್ಲಿ ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಎಂದು ಕಲಿಸಿದೆ. ಚಮಚ ಮುಳುಗಿತು, ಬಾಟಲಿ ಮುಚ್ಚಳ ತೇಲಿತು. ಪುಟ್ಟಿ ಚಪ್ಪಾಳೆ ಹೊಡೆದಳು.

ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಬಾಯಿ ಮುಚ್ಚಿಕೊಂಡು ಮನೆಯೆಲ್ಲ ಹುಡುಕಾಡುತ್ತಿದ್ದರು. ಅಷ್ಟರಲ್ಲಿ ಬಚ್ಚಲಿನಿಂದ ಕೂಗು ಬಂತು:

“ಅಜ್ಜೀ, ತಾತನ ಹಲ್ಲು ಮುಳುಗುತ್ತೆ!”

ಯಜಮಾನರು ನನಗೆ ಬೈದದ್ದೇನೋ ನಿಜ. ಹಲ್ಲಿಲ್ಲದ ಬಾಯಿ, ಒಂದು ಮಾತೂ ತಿಳಿಯಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಹಿತವಾದ ಬೈಗುಳ ಕೇಳಿರಲಿಲ್ಲ.

ಗುಂಡಿ ಪಾಠ

ಗುಂಡಿ ಹಾಕಿದರೆ ಮಕ್ಕಳ ಬೆರಳು ಚುರುಕಾಗುತ್ತದಂತೆ. ಅದು ನನ್ನ ಕಸುಬೇ ಅಲ್ಲವೇ! ಚಿಂದಿ ಬಟ್ಟೆಗೆ ಗುಂಡಿ, ಕಾಜ ಹೊಲಿದು ಕೊಟ್ಟೆ. ಗುಂಡಿ ತೂರುವ ಕಿಂಡಿಯೇ ಕಾಜ. ನನ್ನ ಕಾಜ ಎಂದರೆ ಬಿಗಿ. ತೂರಿದ ಗುಂಡಿ ಸುಮ್ಮನೆ ಬಿಚ್ಚಿಕೊಳ್ಳುವುದಿಲ್ಲ.

ಆ ಸಂಜೆ ಶಿವಾಜಿನಗರದ ಸಾಹೇಬರೊಬ್ಬರು ತಮ್ಮ ಶರ್ಟಿಗೆ ಬಂದರು. ತೂಗುಹಾಕಿದ್ದ ಶರ್ಟನ್ನು ಎಳೆದೆ. ಅದರ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಗಿರಾಕಿಗಳ ಅಷ್ಟೂ ಶರ್ಟುಗಳನ್ನು ಪುಟ್ಟಿ ಒಂದಕ್ಕೊಂದು ಗುಂಡಿ ಹಾಕಿ ರೈಲು ಮಾಡಿದ್ದಳು.

“ಕ್ಯಾ ಅಮ್ಮಾ,” ಅಂದರು ಸಾಹೇಬರು, “ಕೊಟ್ಟಿದ್ದು ಒಂದು ಶರ್ಟು, ಪೂರಾ ಖಾನ್‌ದಾನೇ ಬಂತಲ್ಲ!”

ಪ್ಲೇಸ್ಕೂಲ್

ಅಡ್ಮಿಷನ್ ದಿನ ಬಂದೇ ಬಂತು. ಚಳಿಗೆ ಹಾಕಿದ್ದ ಸ್ವೆಟರಿನ ಗುಂಡಿ ಒಳಗೆ ಬಂದ ಮೇಲೆ ಬಿಚ್ಚಿಕೊಂಡು ನಾನು, ಸೊಸೆ ಇಬ್ಬರೂ ಪ್ಲೇಸ್ಕೂಲಿನ ಬೆಂಚಿನ ಮೇಲೆ ಮುಖ ಆ ಕಡೆಗೊಂದು ಈ ಕಡೆಗೊಂದು ಮಾಡಿ ಕೂತೆವು. ಎರಡು ಸ್ವೆಟರಿಗೂ ಕಾಜ ಬಿಗಿ ಮಾಡಿದ್ದು ನಾನೇ. ಪುಟ್ಟಿ ನಮ್ಮ ಮಧ್ಯೆ ನೆಲದ ಮೇಲೆ ಆಡಿಕೊಂಡಿದ್ದಳು.

“ಮಗು ಮನೇಲಿ ಏನೇನು ಕಲಿತಿದೆ?” ಟೀಚರ್ ಕೇಳಿದರು.

“ಏನೂ ಇಲ್ಲ ಮೇಡಂ,” ಅಂದಳು ಸೊಸೆ. “ಬರೀ ತರಲೆ.”

ಏನೂ ಇಲ್ಲವಂತೆ! ನನ್ನ ರೋಷ ನೆತ್ತಿಗೇರಿತು.

“ನನ್ನ ಮೊಮ್ಮಗಳಿಗೆ ನಿಮ್ಮ ಸ್ಕೂಲೇ ಬೇಡ!” ಎಂದು ದಡಕ್ಕನೆ ಎದ್ದೆ.

ಸೊಸೆಯೂ ನನ್ನ ಜೊತೆಗೇ ಎದ್ದಳು.

ಟೀಚರ್ ಬೆರಗಾಗಿ, “ಅತ್ತೆ ಸೊಸೆ ಇಷ್ಟು ಒಗ್ಗಟ್ಟಾಗಿರೋದನ್ನ ನಾನು ನೋಡೇ ಇಲ್ಲ!” ಅಂದರು.

ಬಗ್ಗಿ ನೋಡಿದರೆ, ನನ್ನ ಸ್ವೆಟರಿನ ಗುಂಡಿಗಳೆಲ್ಲ ಅವಳ ಸ್ವೆಟರಿನ ಕಾಜದೊಳಗೆ! ಟೀಚರ್ ಎಳೆದರು, ಆಯಾ ಎಳೆದಳು, ಒಂದೂ ಬಿಚ್ಚಲಿಲ್ಲ. ಹೇಳಿದೆನಲ್ಲ, ನನ್ನ ಕಾಜ ಬಿಗಿ.

ಸೊಸೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. “ನಡೀರಿ ಅತ್ತೆ, ಮನೆಗೆ ಹೋಗೋಣ. ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ. ಇವಳನ್ನ ಇಲ್ಲಿ ಬಿಟ್ರೆ ಸಂಜೆ ಒಂದು ಮಗು ಕರ್ಕೊಂಡು ಹೋಗೋಕೆ ಬಂದವರು ಇಡೀ ಕ್ಲಾಸನ್ನೇ ಎಳ್ಕೊಂಡು ಹೋಗ್ಬೇಕಾಗುತ್ತೆ!”